ಮಾಮ ನೋಡಿ ಕೊಟ್ಟ ಸೈಕಲ್

ಬನಿಯಾಸ್, ಅಬುಧಾಬಿ
14 ಏಪ್ರಿಲ್ 2024

ಅಶ್ಮೀ ಮಗಾ,

ಇವತ್ತು ಬಿಸು, ನಮ್ಮ ತುಳುವರ ಹೊಸ ವರ್ಷ. ಹಿರಿಯರು ಕಿರಿಯರಿಗೆ ಆಶೀರ್ವಾದ ಮಾಡುವ ದಿನ. ಆದ್ದರಿಂದ ಮೊದಲು ತಲೆ ಬಗ್ಗಿಸು. ಬಗ್ಗಿಸಿದೆಯಾ? ಆಯಿತು, ಇನ್ನು ಓದು.

ಕೈಯಲ್ಲಿ ಬರೆದು, ಫೋಟೋ ತೆಗೆದು, ವಾಟ್ಸಾಪಿನಲ್ಲಿ ಕಳಿಸುವ ಈ ಹೊಸ ಅಂಚೆಯನ್ನು ಕಂಡುಹಿಡಿದವನು ನಾನೇ. ಇಲ್ಲಿಂದ ವಾಟ್ಸಾಪ್ ಕಾಲ್ ಹೋಗುವುದಿಲ್ಲ ಎಂದು ಎರಡು ವರ್ಷ ದುಬೈಯ ಅಲ್ ಬರ್ಷಾದಲ್ಲಿ ಕೆಲಸ ಮಾಡಿದ ನಿನಗೆ ಹೇಳಬೇಕಿಲ್ಲ. ಬಾಯಲ್ಲಿ ಹೇಳಿ ರೆಕಾರ್ಡ್ ಮಾಡಿ ಕಳಿಸುವ ಎಂದರೆ ರೂಮಿನಲ್ಲಿ ಆರು ಮಂಚ, ನನ್ನದು ಬಿಟ್ಟು ಹತ್ತು ಕಿವಿ. ನನ್ನ ಬಾಯಿಯಿಂದ ಒಂದು ಮೆತ್ತಗಿನ ಮಾತು ಬಿದ್ದರೆ ಸಾಕು, ಅಂಗಡಿಯಲ್ಲೂ ರೂಮಿನಲ್ಲೂ ಜೊತೆಗಿರುವ ಉಮ್ಮರಬ್ಬ ಅದನ್ನು ಬನಿಯಾಸಿನ ಎಲ್ಲ ಚಾದ ಅಂಗಡಿಗಳಿಗೆ ಮುಟ್ಟಿಸುತ್ತಾನೆ. ಆದ್ದರಿಂದ ಕಾಗದವೇ ಸರಿ. ತುಳು ನಮ್ಮ ಬಾಯಿಗೆ, ಕನ್ನಡ ಕಾಗದಕ್ಕೆ. ನಾನು ಓದಿದ್ದು ಏಳನೇ ಕ್ಲಾಸ್ ಆದರೂ ಅಕ್ಷರದಲ್ಲಿ ಇಡೀ ಶಾಲೆಗೆ ಫಸ್ಟ್. ನೀನೂ ಕನ್ನಡದಲ್ಲೇ ಬರೆ, ನಿನ್ನ ಕೋಳಿ ಕಾಲಿನ ಅಕ್ಷರ ನೋಡಿ ನಗಬೇಕು.

ಸೈಕಲ್ ಹೇಗಿದೆ? ಅಬುಧಾಬಿ ಏರ್‌ಪೋರ್ಟಿನಲ್ಲಿ ಐರ್ಲೆಂಡಿಗೆ ಹೊರಟ ದಿನ ಪೆಟ್ಟಿಗೆ ತೆರೆದು ನೋಡಿ ನೀನು ಅತ್ತದ್ದನ್ನು ನಾನು ರೂಮಿನಲ್ಲಿ ಏಳು ಸಲ ಹೇಳಿದ್ದೇನೆ. ಶೋರೂಮಿನಿಂದ ನೇರ ಪೆಟ್ಟಿಗೆಗೆ, ಪೆಟ್ಟಿಗೆಯಿಂದ ನೇರ ವಿಮಾನಕ್ಕೆ. ಬೇರೆಯವರ ಕಾಲು ತಾಗಿದ್ದಲ್ಲ. ಕೆಂಪು ಬಣ್ಣ ನಾನೇ ಆರಿಸಿದ್ದು. ಇಲ್ಲಿ ಸೈಕಲ್ ಟ್ರ್ಯಾಕಿನ ಪಕ್ಕದ ನಮ್ಮ ಬಾಡಿಗೆ ಸೈಕಲ್ ಅಂಗಡಿಗೆ ಬರುವ ದೊಡ್ಡ ದೊಡ್ಡ ಜನ, ಕಾರಿನಷ್ಟು ಬೆಲೆಯ ಸೈಕಲ್ ಇಟ್ಟುಕೊಂಡವರು, 'ಮಿಸ್ಟರ್ ಸೇಸ್ ಎಲ್ಲಿ' ಎಂದು ಕೇಳಿಯೇ ಇಳಿಯುವುದು. ನಾನು ನಾಣ್ಯದಲ್ಲಿ ತಟ್ಟಿ ನೋಡಿ 'ಓಕೆ' ಎಂದರೆ ಮಾತ್ರ ಹತ್ತುತ್ತಾರೆ. ಊರ ಪೇಟೆಯಲ್ಲಿ ದ್ವಾರಕನಾಥರ ಸೈಕಲ್ ಶಾಪಿನಲ್ಲಿ ಕಣ್ಣು ಕಟ್ಟಿ ನಿಲ್ಲಿಸಿದರೂ ಚಕ್ರದ ಯಾವ ಕಡ್ಡಿ ಸಡಿಲ ಎಂದು ಹೇಳುತ್ತಿದ್ದ ಕಿವಿ ಇದು.

ಧೈರ್ಯವಾಗಿ ಹೊಡೆ. ಮಾಮ ನೋಡಿ ಕೊಟ್ಟ ಸೈಕಲ್.

ಇತಿ,
ಸೈಕಲ್ ವಿದ್ಯೆಯಲ್ಲಿ ಏಳನೇ ಕ್ಲಾಸಿಗೇ ಡಾಕ್ಟರೇಟ್ ಮುಗಿಸಿದ ನಿನ್ನ ಮಾಮ,
ಸೇಸಪ್ಪ

*

ಕೆರಿ, ಐರ್ಲೆಂಡ್
6 ಮೇ 2024

ಪ್ರೀತಿಯ ಮಾಮ,

ತಲೆ ಬಗ್ಗಿಸಿದ್ದೇನೆ, ಕೋಳಿ ಕಾಲೂ ಹಾಕಿದ್ದೇನೆ.

ನಾನಿರುವ ಊರಿನಿಂದ ನಾನು ಮುದುಕರನ್ನು ನೋಡಿಕೊಳ್ಳುವ ನರ್ಸಿಂಗ್ ಹೋಮಿಗೆ ಏಳು ಕಿಲೋಮೀಟರ್. ಬಸ್ಸು ದಿನಕ್ಕೆ ಎರಡೇ. ಆದ್ದರಿಂದ ನಿಮ್ಮ ಕೆಂಪು ಸೈಕಲೇ ನನ್ನ ಕಾಲು. ದಾರಿ ಎಂದರೆ ನಮ್ಮ ಊರಿನ ಓಣಿಯಷ್ಟೇ ಅಗಲ, ಎರಡೂ ಕಡೆ ಆಳೆತ್ತರದ ಹಸಿರು ಬೇಲಿ. ತಿರುವಿನಾಚೆ ಏನಿದೆ ಎಂದು ಕಾಣುವುದೇ ಇಲ್ಲ. ಹಾಲಿನ ಟ್ಯಾಂಕರ್ ಬಂದರೆ ಬೇಲಿಯೊಳಗೆ ಬೆನ್ನು ತುರುಕಿಕೊಂಡು ನಿಲ್ಲಬೇಕು. ಅದು ಹೋದ ಮೇಲೆ ಬೆನ್ನಿನ ತುಂಬ ಮುಳ್ಳು. ಟ್ಯಾಂಕರಿನವ ಕೈ ಎತ್ತಿ ನಮಸ್ಕಾರ ಮಾಡುತ್ತಾನೆ. ಇಲ್ಲಿ ಎಲ್ಲರೂ ಕೈ ಎತ್ತುತ್ತಾರೆ, ನನಗೆ ಮಾತ್ರ ಹ್ಯಾಂಡಲ್ ಬಿಡಲು ಧೈರ್ಯ ಸಾಲದು.

ಅರ್ಧ ದಾರಿಯಲ್ಲಿ ಒಂದು ಸರೋವರ ಉಂಟು. ಒಮ್ಮೆ ನೀಲಿ, ಒಮ್ಮೆ ಸೀಸದ ಬಣ್ಣ. ಅದರ ಮೇಲಿನಿಂದ ಬರುವ ಗಾಳಿ ಒಂದು ದಿನ ನನ್ನನ್ನು ಸೈಕಲ್ ಸಮೇತ ಎತ್ತಿ ಬದಿಯ ಹುಲ್ಲಿಗೆ ಇಟ್ಟಿತು, ಮಗುವನ್ನು ಎತ್ತಿ ಇಟ್ಟ ಹಾಗೆ. ಪೆಟ್ಟಾಗಲಿಲ್ಲ. ಆದರೆ ಅಲ್ಲಿಂದ ಮೇಲೆ ಸರೋವರ ಬರುವ ಮೊದಲೇ ಬಗ್ಗಿ ಹ್ಯಾಂಡಲಿಗೆ ಅಂಟಿಕೊಳ್ಳುತ್ತೇನೆ.

ಒಂದು ವಿಷಯ ಕೇಳಬೇಕು. ಇಳಿಜಾರಿನಲ್ಲಿ ಮುಂದಿನ ಬ್ರೇಕ್ ಹಿಡಿದಾಗ ಎಲ್ಲಿಂದಲೋ 'ಟಕ್' ಎಂದು ಸದ್ದು ಬರುತ್ತದೆ. ಒಂದೇ ಸಲ. ಮತ್ತೆ ಹಿಡಿದರೆ ಇಲ್ಲ. ಎಂತದ್ದು ಅದು?

ನಿಮ್ಮ,
ಅಶ್ಮಿತಾ

*

ಬನಿಯಾಸ್
12 ಮೇ 2024

ಅಶ್ಮೀ,

ಟಕ್ ಅಂತೆ, ಟಕ್! ನಿನ್ನ ಅಮ್ಮ ಪ್ರಫುಲ್ಲಕ್ಕನೂ ಹೀಗೆಯೇ. ಮಿಕ್ಸಿ ಸದ್ದು ಮಾಡಿದರೆ ಮೈನ್ ಸ್ವಿಚ್ ತೆಗೆಯುವವಳು. ಹೊಸ ಸೈಕಲ್ ಹೊಸ ಚಪ್ಪಲಿಯ ಹಾಗೆ, ಸ್ವಲ್ಪ ದಿನ ಮಾತಾಡುತ್ತದೆ. ಹ್ಯಾಂಡಲಿನ ಕೆಳಗಿನ ಸ್ಕ್ರೂ ಒಂದು ಸುತ್ತು ಬಿಗಿ ಮಾಡು. ಮುಗಿಯಿತು. ನಾನು ಇಲ್ಲಿ ಕೂತು ಅಲ್ಲಿಯ ಸೈಕಲ್ ರಿಪೇರಿ ಮಾಡಿದೆ ಎಂದು ನಿನ್ನ ನರ್ಸಿಂಗ್ ಹೋಮಿನ ಮುದುಕರಿಗೆಲ್ಲ ಹೇಳು.

ಗಾಳಿ ಎತ್ತಿ ಹುಲ್ಲಿಗೆ ಇಟ್ಟದ್ದನ್ನು ಓದಿ ಮಾತ್ರ ನಗು ಬರಲಿಲ್ಲ. ಗಾಳಿ ಬಂದರೆ ಇಳಿದು ತಳ್ಳು. ತಳ್ಳುವುದರಲ್ಲಿ ಮರ್ಯಾದೆ ಹೋಗುವುದಿಲ್ಲ. ನಾನೇ ಒಮ್ಮೆ ತಳ್ಳಿದ್ದೇನೆ, ಯಾರಿಗೂ ಹೇಳಬೇಡ.

ಇತಿ,
ಅಬುಧಾಬಿಯಲ್ಲಿ ಕೂತು ಐರ್ಲೆಂಡಿನ ಸ್ಕ್ರೂ ತಿರುಗಿಸುವ
ಸೇಸಪ್ಪ ಮಾಮ

*

ಕೆರಿ
23 ಜೂನ್ 2024

ಪ್ರೀತಿಯ ಮಾಮ,

ಇಲ್ಲಿ ಈಗ ರಾತ್ರಿ ಹತ್ತಕ್ಕೂ ಬೆಳಕು. ಡ್ಯೂಟಿ ಮುಗಿಸಿ ದಿನಾ ಸೈಕಲ್ ಹೊಡೆಯುತ್ತೇನೆ. ಹೆದರಿಕೆ ಅರ್ಧ ಹೋಗಿದೆ. ನನ್ನ ಜೊತೆ ಕೆಲಸ ಮಾಡುವ ಸ್ಟೇಸಿ, ನಮ್ಮ ಊರ ಕಡೆಯ ಶಿರ್ವದವಳು, ನನ್ನನ್ನು ಊರಿನ ಸೈಕಲ್ ಕ್ಲಬ್ಬಿಗೆ ಸೇರಿಸಿದ್ದಾಳೆ. ಆಗಸ್ಟ್ ಮೂರಕ್ಕೆ ಬೆಳಿಗ್ಗೆ ಎಂಟಕ್ಕೆ ಹೊರಟು ಮೂರು ದಿನದ ಸವಾರಿ. ಮೊದಲು ಕಿಲಾರ್ನಿಯ ಸರೋವರಗಳ ಬದಿಯಲ್ಲಿ, ಅಲ್ಲಿಂದ ಮೋಲ್ಸ್ ಗ್ಯಾಪ್ ಎಂಬ ಗುಡ್ಡದ ಕಂಡಿಗೆ ಏರು, ಆ ಕಡೆ ಕೆನ್‌ಮೇರ್ ಎಂಬ ಪೇಟೆಯ ತನಕ ಹತ್ತು ಕಿಲೋಮೀಟರ್ ಒಂದೇ ಇಳಿಜಾರು, ಆಮೇಲೆ ಎರಡು ದಿನ ಕಡಲ ಬದಿ. ಆ ಇಳಿಜಾರಿನಲ್ಲಿ ಗಂಟೆಗೆ ಅರವತ್ತು ಕಿಲೋಮೀಟರ್ ವೇಗ ಬರುತ್ತದಂತೆ.

ನನ್ನ ಸೈಕಲ್ ಎಲ್ಲಿ ತೆಗೆದದ್ದು ಎಂದು ಕ್ಲಬ್ಬಿನವರು ಕೇಳಿದರು. ನನ್ನ ಮಾಮ ಅಬುಧಾಬಿಯ ದೊಡ್ಡ ಮೆಕ್ಯಾನಿಕ್, ಅವರೇ ನೋಡಿ ಕೊಟ್ಟದ್ದು ಎಂದೆ. ಬಡಾಯಿ ನಮ್ಮ ಕುಟುಂಬದ ಆಸ್ತಿ, ಹೆಣ್ಣುಮಕ್ಕಳಿಗೂ ಪಾಲು ಉಂಟಲ್ಲ!

ಸ್ಕ್ರೂ ಬಿಗಿ ಮಾಡಿದೆ. ಟಕ್ ಈಗ ಎರಡು ಸಲ ಬರುತ್ತದೆ. ಮಾತು ಕಲಿತಿರಬೇಕು.

ನಿಮ್ಮ,
ಅಶ್ಮಿ

*

ಬನಿಯಾಸ್
9 ಜುಲೈ 2024

ಅಶ್ಮಿತಾ,

ನಿನ್ನ ಕಾಗದ ಬಂದು ಎರಡು ವಾರ ಆಯಿತು. ಇಲ್ಲಿ ಬಿಸಿಲು ಬಹಳ. ಟ್ರ್ಯಾಕಿಗೆ ಬೆಳಿಗ್ಗೆ ಏಳರ ಮೇಲೆ ಜನ ಇಲ್ಲ.

ಆಗಸ್ಟಿನ ಆ ಸವಾರಿ ಬೇಡ. ಅಷ್ಟು ದೂರ ನಿನಗೆ ಅಭ್ಯಾಸ ಇಲ್ಲ. ಮಳೆ ಬಂದರೆ ರಸ್ತೆ ಜಾರುತ್ತದೆ. ಆಮೇಲೆ ಕೆಲಸಕ್ಕೂ ಸ್ವಲ್ಪ ದಿನ ಬಸ್ಸಿನಲ್ಲಿ ಹೋಗು. ಸೈಕಲಿಗೂ ವಿಶ್ರಾಂತಿ ಬೇಕಾಗುತ್ತದೆ.

ಮಾಮ

*

ಕೆರಿ
13 ಜುಲೈ 2024

ಮಾಮ,

ಸೈಕಲಿಗೆ ವಿಶ್ರಾಂತಿಯಾ? ಜ್ವರ ಬಂದಿದೆಯಾ ನಿಮಗೆ? 'ಡಾಕ್ಟರೇಟ್' ಎಲ್ಲಿ ಹೋಯಿತು, ಸಹಿಯಲ್ಲಿ ಬರೇ ಮಾಮ ಎಂದಿದೆ. ಅಮ್ಮ ನಿಮಗೆ ಏನೋ ಹೇಳಿ ಬರೆಸಿದ್ದಾಳೆ, ಅಲ್ಲವಾ?

ನಾನು ಹೆಸರು ಕೊಟ್ಟಾಗಿದೆ. ಬರುವುದಿಲ್ಲ ಎಂದರೆ ಸ್ಟೇಸಿ ಜೀವಮಾನ ಇಡೀ ತಮಾಷೆ ಮಾಡುತ್ತಾಳೆ.

ಅಶ್ಮಿ

*

ಬನಿಯಾಸ್
18 ಜುಲೈ 2024

ಅಶ್ಮೀ ಮಗಾ,

ಒಂದು ಗಂಭೀರ ವಿಷಯ. ತಮಾಷೆ ಅಲ್ಲ, ಕೈಕಾಲು ತೊಳೆದು ಓದು.

ಕಳೆದ ಮಂಗಳವಾರ ಊರಿನಲ್ಲಿ ನಮ್ಮ ಮನೆಯ ದೈವಕ್ಕೆ ಕೋಲ ಕೊಟ್ಟರಂತೆ. ದೈವ ಮೈಮೇಲೆ ಬಂದು ಇಡೀ ಕುಟುಂಬದ ಎದುರು ನುಡಿ ಕೊಟ್ಟಿದೆ: ಕಡಲಾಚೆ ಇರುವ ಹೆಣ್ಣು ಮಗಳು ಈ ಆಟಿ ತಿಂಗಳು ಮುಗಿಯುವ ತನಕ, ಎಂದರೆ ಆಗಸ್ಟ್ ಅರ್ಧದ ತನಕ, ಎರಡು ಚಕ್ರದ ಮೇಲೆ ಗುಡ್ಡ ಇಳಿಯಬಾರದು. ನಾನು ಹೇಳಿದ್ದಲ್ಲ, ದೈವ ಹೇಳಿದ್ದು. ನನ್ನ ಮಾತು ಮೀರು, ತೊಂದರೆ ಇಲ್ಲ. ದೈವದ ಮಾತು ಮೀರಬಾರದು.

ನಿನ್ನ ಅಮ್ಮನಿಗೆ ಫೋನ್ ಮಾಡಿ ಕೇಳಬೇಡ. ಅವಳು ಸುಮ್ಮನೆ ಹೆದರುತ್ತಾಳೆ.

ಇತಿ,
ದೈವಭಕ್ತ
ಸೇಸಪ್ಪ

*

ಕೆರಿ
21 ಜುಲೈ 2024

ಸನ್ಮಾನ್ಯ ದೈವಭಕ್ತರೇ,

ಕೇಳಬೇಡ ಎಂದದ್ದಕ್ಕೇ ಅಮ್ಮನಿಗೆ ಫೋನ್ ಮಾಡಿದೆ.

"ಕೋಲವಾ? ಈಗವಾ?" ಎಂದಳು ಅಮ್ಮ. "ಮೇ ಕೊನೆಗೆ ಪತ್ತನಾಜೆ ಬಂತು, ಕೋಲ ಎಲ್ಲ ಮುಗಿದು ಗೆಜ್ಜೆ ಬಿಚ್ಚಿ ಒಳಗೆ ಇಟ್ಟಾಯ್ತು. ಇನ್ನು ದೀಪಾವಳಿ ಕಳೀದೆ ಎಲ್ಲಿಯ ಕೋಲ? ಮೂವತ್ತು ವರ್ಷ ಮರಳಲ್ಲಿ ಕೂತು ಅವನಿಗೆ ಊರಿನ ತಿಂಗಳೇ ಮರೆತಿದೆ."

ಆಮೇಲೆ ನಾವಿಬ್ಬರೂ ನಕ್ಕದ್ದು ನಕ್ಕದ್ದೇ. ಮಳೆಗಾಲದಲ್ಲಿ ಗೆಜ್ಜೆ ಕಟ್ಟಿ, ಎರಡು ಚಕ್ರ ಎಂದು ಲೆಕ್ಕ ಸಮೇತ ನುಡಿ ಕೊಡುವ ದೈವ ಯಾವುದು ಮಾಮ? ನಿಮ್ಮ ಅಂಗಡಿಯದ್ದಾ?

ನಗು ಮುಗಿದ ಮೇಲೆ ಅಮ್ಮ ಒಂದು ಮಾತು ಹೇಳಿದಳು: "ದೈವದ ಹೆಸರಲ್ಲಿ ಸುಳ್ಳು ಹೇಳುವಷ್ಟು ಧೈರ್ಯ ಅವನಿಗೆ ಯಾವತ್ತೂ ಇರ್ಲಿಲ್ಲ." ಅದು ಯಾಕೋ ಮನಸ್ಸಿನಲ್ಲಿ ಉಳಿಯಿತು. ಏನಾದರೂ ಇದ್ದರೆ ನೆಟ್ಟಗೆ ಹೇಳಿ. ಇಲ್ಲದಿದ್ದರೆ ನಾನು ಮೂರನೇ ತಾರೀಕಿಗೆ ಹೊರಡುವವಳೇ.

ಅಶ್ಮಿತಾ

*

ಬನಿಯಾಸ್
2 ಆಗಸ್ಟ್ 2024, ಶುಕ್ರವಾರ

ಅಶ್ಮಿತಾ,

ಸೈಕಲ್ ಹತ್ತಬೇಡ. ಮೊದಲು ಅದನ್ನು ಬರೆದುಬಿಡುತ್ತೇನೆ. ಆಮೇಲಿನದ್ದನ್ನು ಇಳಿದು ನಿಂತು ಓದು.

ಅದು ಹೊಸ ಸೈಕಲ್ ಅಲ್ಲ. ಕಳೆದ ವರ್ಷ ನಮ್ಮ ಟ್ರ್ಯಾಕಿನಲ್ಲಿ ಒಬ್ಬ ಸವಾರ ಕಂಬಕ್ಕೆ ಹೊಡೆದ ಸೈಕಲ್. ಅವನು ದೇಶ ಬಿಟ್ಟು ಹೋದ. ಅಂಗಡಿಯ ಮ್ಯಾನೇಜರ್ ಅದನ್ನು ಗುಜರಿಗೆ ಹಾಕಲು ನನ್ನ ಕೈಗೆ ಕೊಟ್ಟರು. ನಾನು ಹಾಕಲಿಲ್ಲ. ಚಕ್ರ ಬದಲಿಸಿದೆ. ಕಾರಿನ ಗ್ಯಾರೇಜಿನಲ್ಲಿ ಪರಿಚಯದವನಿಂದ ಕೆಂಪು ಬಣ್ಣ ಹೊಡೆಸಿದೆ. ಕೆಳಗಿನ ಬಣ್ಣ ನೀಲಿ.

ಬಣ್ಣ ಹೊಡೆಯುವ ಮೊದಲು ಮುಂದಿನ ಫೋರ್ಕನ್ನು ತಟ್ಟಿ ನೋಡಿದ್ದೆ. ಮುಂದಿನ ಚಕ್ರವನ್ನು ಹಿಡಿದುಕೊಂಡಿರುವ ಆ ಎರಡು ಕಾಲು ಕಬ್ಬಿಣ ಅಲ್ಲ, ಕಾರ್ಬನ್. ಕಬ್ಬಿಣ ಆದರೆ ಬಗ್ಗುತ್ತದೆ, ಮನುಷ್ಯನಿಗೆ ಗೊತ್ತಾಗುತ್ತದೆ. ಕಾರ್ಬನ್ ಬಗ್ಗುವುದಿಲ್ಲ, ಒಳಗೇ ಸೀಳಿ ಕಾಯುತ್ತದೆ, ಒಂದು ದಿನ ಒಮ್ಮೆಲೇ ಹೋಗುತ್ತದೆ. ಮಣ್ಣಿನ ಗಡಿಗೆ ಕೊಳ್ಳುವಾಗ ತಟ್ಟುವ ಹಾಗೆ ನಾಣ್ಯದಲ್ಲಿ ಉದ್ದಕ್ಕೂ ತಟ್ಟಿದೆ. ಎಡಗಾಲಿನ ಮೇಲ್ಗಡೆ ಹೆಬ್ಬೆರಳಿನಷ್ಟು ಜಾಗದಲ್ಲಿ ಸದ್ದು ಸ್ವಲ್ಪ ಸತ್ತ ಹಾಗೆ ಬಂತು. ನಾನು ನನ್ನ ಕಿವಿಯೇ ಸರಿ ಇಲ್ಲ ಎಂದುಕೊಂಡೆ. ಜೀವಮಾನದಲ್ಲಿ ಒಂದೇ ಸಲ ನನ್ನ ಕಿವಿಯನ್ನು ನಾನು ನಂಬಲಿಲ್ಲ. ನಿನಗೆ ಕೊಡಬೇಕೆಂಬ ಆಸೆ ಅಷ್ಟಿತ್ತು.

ಜುಲೈ ಐದಕ್ಕೆ ಒಬ್ಬ ಬಂದ. ಸೆಕೆಂಡ್ ಹ್ಯಾಂಡ್ ಸೈಕಲ್, ಹೊಸ ಬಣ್ಣ. ಗಿರಾಕಿ ಇನ್ನೊಬ್ಬ, ಸೈಕಲ್ ಇನ್ನೊಂದು, ಆದರೆ ಬಣ್ಣದ ಕೆಳಗಿನ ಕಥೆ ಒಂದೇ. ಟ್ರ್ಯಾಕಿನ ಸಣ್ಣ ಉಬ್ಬು ದಾಟುವಾಗ ಫೋರ್ಕ್ ಮುರಿಯಿತು. ಅವನನ್ನು ಎತ್ತಿ ತಂದವರಲ್ಲಿ ನಾನೂ ಒಬ್ಬ. ದವಡೆ ಒಂದು ಕಡೆ ಜೋತಿತ್ತು. ನನ್ನ ಅಂಗಿಯಿಂದ ಕಲೆ ಇನ್ನೂ ಹೋಗಿಲ್ಲ. ಉಮ್ಮರಬ್ಬ ಆ ತುಂಡನ್ನು ಚೂರಿಯಲ್ಲಿ ಕೆರೆದ. ಕೆಳಗೆ ಹಳೆಯ ಬಿರುಕು. "ಬಣ್ಣ ಹಾಕಿದ ಮೇಲೆ ಕಣ್ಣಿಗೂ ಕಾಣುದಿಲ್ಲ, ನಾಣ್ಯಕ್ಕೂ ಸರೀ ಕೇಳುದಿಲ್ಲ ಸೇಸಪ್ಪಣ್ಣ" ಎಂದ. ಆಮೇಲೆ ನನ್ನ ಮುಖ ನೋಡಿದ. "ಆ ನೀಲಿ ಸೈಕಲ್ ನೀವು ಗುಜರಿಗೆ ಹಾಕಿದ್ದೀರಲ್ಲ?"

ನಾನು ಹೌದು ಎಂದೆ.

ಅವತ್ತಿನಿಂದ ನಿನ್ನ ಟಕ್ ನನ್ನ ಕಿವಿಯಲ್ಲಿದೆ. ಯಾವ ಸೈಕಲ್ ಮುಟ್ಟಿದರೂ ಕೇಳುತ್ತದೆ. ನೀನು ಬರೆದಾಗಲೇ ನನಗೆ ಹೊಳೆಯಬೇಕಿತ್ತು; ನಾನು ಮಿಕ್ಸಿಯ ಕಥೆ ಬರೆದೆ. ನಿಜ ಹೇಳಲು ನಾಚಿಕೆಯಾಗಿ ಬಸ್ಸಿನಲ್ಲಿ ಹೋಗು ಎಂದೆ, ದೈವದ ಹೆಸರಿನಲ್ಲಿ ಸುಳ್ಳು ಹೇಳಿದೆ. ನಾನು ಸೈಕಲ್ ತಟ್ಟುವ ಆ ಒಂದು ದಿರ್ಹಮ್ ನಾಣ್ಯವನ್ನೇ ದೈವಕ್ಕೆ ತಪ್ಪು ಕಾಣಿಕೆ ಎಂದು ಬಟ್ಟೆಯಲ್ಲಿ ಕಟ್ಟಿ ಇಟ್ಟಿದ್ದೇನೆ. ಅದು ಬಿಟ್ಟು ಏನು ಮಾಡುವುದೆಂದು ತಿಳಿಯುವುದಿಲ್ಲ.

ಫೋರ್ಕಿನ ಎಡಗಾಲಿನ ಮೇಲ್ಗಡೆ ಉಗುರಿನಿಂದ ಕೆರೆ. ನೀಲಿ ಕಂಡರೆ ನಾನು ಹೇಳಿದ್ದು ನಿಜ.

ಹತ್ತಬೇಡ.

ಸೇಸಪ್ಪ

*

ಬನಿಯಾಸ್
3 ಆಗಸ್ಟ್, ಮಧ್ಯಾಹ್ನ 12

ಅಶ್ಮೀ,

ಕಾಗದ ನಿನ್ನೆಯೇ ಬರೆದೆ. ಫೋಟೋ ತೆಗೆದೆ. ಕಳಿಸಲು ಕೈ ಬರಲಿಲ್ಲ. ಇವತ್ತು ಬೆಳಿಗ್ಗೆ ಅಂಗಡಿಯಲ್ಲಿ ಕೂತು ಮೊಬೈಲನ್ನೇ ನೋಡುತ್ತಿದ್ದೆ. ಉಮ್ಮರಬ್ಬ ಹಿಂದಿನಿಂದ ಬಂದು ಎಲ್ಲ ಓದಿದ. ಬೈಯಲಿಲ್ಲ. ಕೈಯಿಂದ ಫೋನ್ ಎಳೆದುಕೊಂಡು ಅವನೇ ಕಳಿಸಿದ. ಆಗ ಇಲ್ಲಿ ಹನ್ನೊಂದೂ ಐದು, ನಿನ್ನಲ್ಲಿ ಎಂಟೂ ಐದು. ನೀನು ಹೊರಟು ಐದು ನಿಮಿಷ.

ಒಂದೇ ಟಿಕ್ ಬಿದ್ದಿದೆ. ಎರಡನೆಯದು ಬೀಳುತ್ತಿಲ್ಲ. ಮಾಮೂಲಿ ಫೋನಿನಲ್ಲಿ ಆರು ಸಲ ಮಾಡಿದೆ. ಇಂಗ್ಲಿಷಿನಲ್ಲಿ ಒಬ್ಬಳು ಏನೋ ಹೇಳುತ್ತಾಳೆ. ಅವಳು ನೀನಲ್ಲ.

ಮಾಮ

*

3 ಆಗಸ್ಟ್, 2 ಗಂಟೆ

ಒಂದೇ ಟಿಕ್.

ಉಮ್ಮರಬ್ಬ ಅಂಗಡಿ ನೋಡಿಕೊಳ್ಳುತ್ತೇನೆ, ನೀವು ರೂಮಿಗೆ ಹೋಗಿ ಎಂದ. ಹೋಗಿ ಏನು ಮಾಡಲಿ. ಹೊರಗೆ ನಲವತ್ತಾರು ಡಿಗ್ರಿ. ನಿನ್ನ ಅಮ್ಮ ಫೋನ್ ಮಾಡಿದಳು, ಊಟ ಆಯ್ತಾ ಎಂದು ಕೇಳಿದಳು. ಆಯ್ತು ಎಂದೆ. ಅಶ್ಮಿ ಇವತ್ತು ಹೊರಟಳಲ್ಲ, ನಿನ್ನ ಹೊಸ ಸೈಕಲಿನಲ್ಲಿ, ಎಂದಳು. ಹೌದಕ್ಕ ಎಂದೆ.

ಈಗ ನೀನು ಏರುತ್ತಿರಬೇಕು. ಏರುವಾಗ ಏನೂ ಆಗುವುದಿಲ್ಲ. ಏರು ಮುಗಿಯದೆ ಇರಲಿ ಎಂದು ಕೇಳಿಕೊಳ್ಳುತ್ತಿದ್ದೇನೆ.

*

3 ಆಗಸ್ಟ್, 3 ಗಂಟೆ 40

ಎರಡು ಟಿಕ್ ಬಿತ್ತು. ನೀಲಿಯಾಯಿತು. ನೀನು ನೋಡಿದ್ದೀಯಾ?

ನಂಬಿದೆಯಾ?

ಒಂದು ಅಕ್ಷರ ಬರೆ ಮಗಾ. ಬೈದು ಬರೆ.

*

ಕೆನ್‌ಮೇರ್
4 ಆಗಸ್ಟ್ 2024

ಮಾಮ,

ಬದುಕಿದ್ದೇನೆ ಎಂದು ನಿನ್ನೆ ಸಂಜೆ ಒಂದು ಸಾಲು ಹಾಕಿದ್ದು ಸಿಕ್ಕಿರಬಹುದು. ಅದಕ್ಕಿಂತ ಹೆಚ್ಚು ಬರೆಯಲು ನಿನ್ನೆ ಆಗಲಿಲ್ಲ.

ಬ್ಯಾಟರಿ ಉಳಿಯಲಿ ಎಂದು ಎಂಟು ಗಂಟೆಗೆ ಫೋನ್ ಆಫ್ ಮಾಡಿದ್ದೆ. ಸರೋವರಗಳು ಒಂದರ ಮೇಲೊಂದು, ಮೆಟ್ಟಿಲಿನ ಹಾಗೆ, ಕೆಳಗೆ ಕೆಳಗೆ ಹೋದವು. ಮೇಲಿನಿಂದ ನೋಡಿದರೆ ಯಾರೋ ಕನ್ನಡಿ ಒಡೆದು ಕಾಡಿನಲ್ಲಿ ಚೆಲ್ಲಿದ ಹಾಗೆ. ಅಷ್ಟು ಖುಷಿಯಾಗಿ ನಾನು ಯಾವತ್ತೂ ಏರಿಲ್ಲ. ಕಂಡಿಯ ಮೇಲೆ ಒಂದು ಚಾ ಅಂಗಡಿ ಉಂಟು. ಎಲ್ಲರೂ ನಿಂತರು. ಫೋಟೋ ತೆಗೆಯಲು ಫೋನ್ ಆನ್ ಮಾಡಿದೆ. ನಿಮ್ಮದು ಒಂದರ ಮೇಲೊಂದು ಬಿತ್ತು.

ಮೊದಲು ನಕ್ಕೆ. ದೈವದ ಎರಡನೇ ಭಾಗ ಬಂತು ಎಂದು ಸ್ಟೇಸಿಗೆ ಓದಿ ಹೇಳಲು ಶುರು ಮಾಡಿದೆ. ಅರ್ಧಕ್ಕೆ ಬಿಟ್ಟು ಮನಸ್ಸಿನಲ್ಲೇ ಮೊದಲಿನಿಂದ ಓದಿದೆ. ಮಾಮ, ಆ ಕಾಗದದಲ್ಲಿ ಒಂದೇ ಒಂದು ಬಡಾಯಿ ಇರಲಿಲ್ಲ. ಕೆಳಗೆ ಬರೇ 'ಸೇಸಪ್ಪ' ಎಂದಿತ್ತು. ಉಗುರಿನಿಂದ ಕೆರೆಯುವ ಮೊದಲೇ ನನಗೆ ಗೊತ್ತಾಗಿತ್ತು.

ಕೆರೆದೆ. ನೀಲಿ.

"ಬಾ ಮಾರಾಯ್ತಿ, ಎಲ್ಲರೂ ಹೊರಟ್ರು" ಎಂದಳು ಸ್ಟೇಸಿ. "ಇಷ್ಟು ದಿನ ಏನೂ ಆಗ್ಲಿಲ್ಲ, ಇನ್ನು ಹತ್ತು ಕಿಲೋಮೀಟರಿಗೆ ಆಗ್ತದಾ? ಮೆಲ್ಲ ಬ್ರೇಕ್ ಹಿಡ್ಕೊಂಡು ಬಾ."

"ಬ್ರೇಕ್ ಹಿಡಿಯುವಾಗಲೇ ಸದ್ದು ಬರುದು. ನೀನು ಹೋಗು."

ಹತ್ತು ಕಿಲೋಮೀಟರ್ ತಳ್ಳಿಕೊಂಡು ನಡೆದೆ. ಪೆಡಲಿಗೆ ಸಿಕ್ಕಿಸುವ ಸೈಕಲ್ ಬೂಟಿನಲ್ಲಿ ನಡೆಯಲು ಆಗುವುದಿಲ್ಲ, ಬಿಚ್ಚಿ ಕೈಯಲ್ಲಿ ಹಿಡಿದೆ. ಮಂಜು ಬಂತು. ಹಿಂದಿನಿಂದ ಕಾರು ಬಂದರೆ ಸದ್ದು ಮಾತ್ರ, ಬೆಳಕು ಕೊನೆಗೆ. ಪ್ರತಿ ತಿರುವಿನಲ್ಲೂ ನಿಂತು ಕೆಳಗೆ ನೋಡಿದೆ: ಇಲ್ಲಿ ಆಗುತ್ತಿತ್ತಾ, ಅಥವಾ ಮುಂದಿನದರಲ್ಲಾ. ಒಂದು ಕಡೆ ಬಂಡೆಯ ಕೆಳಗೆ ಕುರಿಗಳು ನಿಂತಿದ್ದವು. ಅವುಗಳ ಎದುರು ನಿಂತು ಜೋರಾಗಿ ಅತ್ತೆ. ಕೊನೆಗೆ ಮಂಜು ಹರಿದು ಕೆಳಗೆ ಕಡಲು ಕಂಡಿತು. ಬೇರೆ ದಿನ ಆದರೆ ಚಂದ ಎನ್ನುತ್ತಿದ್ದೆ.

ಪೇಟೆಯಲ್ಲಿ ಒಬ್ಬ ಮುದುಕನ ಸೈಕಲ್ ಅಂಗಡಿ. ಮುಂದಿನ ಬ್ರೇಕ್ ಒತ್ತಿ ಹಿಡಿದು ಸೈಕಲನ್ನು ಒಮ್ಮೆ ಮುಂದಕ್ಕೆ ದೂಡಿದ. ಟಕ್. ಇನ್ನೊಮ್ಮೆ. ಟಕ್. ಮೂರನೆಯ ಸಲ ಎಡಗಾಲು ಮುರಿದು ಅವನ ಕೈಗೆ ಬಂತು. ಅವನು ತುಂಡನ್ನು ಬೆಂಚಿನ ಮೇಲಿಟ್ಟ, ನಾನು ಇಳಿದು ಬಂದ ಗುಡ್ಡದ ಕಡೆಗೆ ಒಮ್ಮೆ ನೋಡಿದ, ಕುರ್ಚಿ ಎಳೆದು ಕೊಟ್ಟ.

ಈಗ ನಾನು ಹೇಳಬೇಕಾದದ್ದು. ಅದು ಹೊಸದಲ್ಲ ಎಂದು ನನಗೆ ಏರ್‌ಪೋರ್ಟಿನಲ್ಲೇ ಗೊತ್ತಿತ್ತು. ಸೀಟಿನ ಕೆಳಗೆ ಯಾರದೋ ಹೆಸರಿನ ಸ್ಟಿಕ್ಕರ್ ಅರ್ಧ ಉಳಿದಿತ್ತು. ನೀವು ಎಷ್ಟು ದಿನ ಕೂತು ಅದನ್ನು ಉಜ್ಜಿರಬೇಕು ಎಂದು ಯೋಚಿಸಿ ನಾನು ಅತ್ತದ್ದು. ಹೊಸತು ಎಂದು ನಾನು ಅದರ ಮೇಲೆ ಕೂತದ್ದಲ್ಲ. ಮಾಮ ನೋಡಿ ಕೊಟ್ಟಿದ್ದಾರೆ ಎಂದು ಕೂತದ್ದು.

ನಿಮಗೆ ಜುಲೈ ಐದಕ್ಕೆ ಗೊತ್ತಾಯಿತು. ನಾನು ಆಗಸ್ಟ್ ಮೂರರ ತನಕ ದಿನಾ ಹತ್ತಿದೆ. ಇದನ್ನು ಎಷ್ಟು ಸಲ ಯೋಚಿಸಿದರೂ ದಾಟಿ ಮುಂದೆ ಹೋಗಲು ಆಗುತ್ತಿಲ್ಲ.

ದೈವಕ್ಕೆ ತಪ್ಪು ಕಾಣಿಕೆ ಕಟ್ಟಿಟ್ಟಿದ್ದೀರಿ. ನನಗೆ ಏನು ಕಟ್ಟಿಟ್ಟಿದ್ದೀರಿ?

ಸ್ವಲ್ಪ ದಿನ ಬರೆಯಬೇಡಿ. ಅಮ್ಮನಿಗೆ ನಾನು ಹೇಳುವುದಿಲ್ಲ. ಹೇಳುವುದಾದರೆ ನೀವೇ ಹೇಳಿ.

ಅಶ್ಮಿತಾ

*

ಕೆರಿ
22 ಸೆಪ್ಟೆಂಬರ್ 2024

ಮಾಮ,

ಅಮ್ಮ ಫೋನ್ ಮಾಡಿದ್ದಳು. ನೀವು ಎಲ್ಲ ಹೇಳಿದಿರಂತೆ. ಅವಳು ಮೂರು ದಿನ ನಿಮ್ಮ ಫೋನ್ ಎತ್ತಲಿಲ್ಲವಂತೆ, ನಾಲ್ಕನೇ ದಿನ ಎತ್ತಿ ಊಟ ಆಯ್ತಾ ಎಂದು ಕೇಳಿದಳಂತೆ.

ನಾನು ಬಸ್ಸಿನಲ್ಲಿ ಹೋಗುತ್ತೇನೆ. ಬೆಳಗಿನ ಬಸ್ಸು ತಪ್ಪಿದರೆ ಕೆಲಸಕ್ಕೆ ರಜೆ. ಸರೋವರ ಕಿಟಕಿಯಲ್ಲಿ ದಾಟಿ ಹೋಗುತ್ತದೆ. ಕನಸಿನಲ್ಲಿ ಮಾತ್ರ ಇನ್ನೂ ಇಳಿಯುತ್ತಿರುತ್ತೇನೆ, ಬ್ರೇಕ್ ಹಿಡಿಯಲು ಹೆದರಿ, ಹಿಡಿಯದೆ ಇರಲೂ ಹೆದರಿ. ಹೀಗೇ ಬಿಟ್ಟರೆ ಈ ಹೆದರಿಕೆ ನನ್ನ ಜೊತೆಯೇ ಮುದುಕಿಯಾಗುತ್ತದೆ ಎಂದು ಅನಿಸಿತು. ಮೊನ್ನೆ ಸ್ಟೇಸಿಯ ಜೊತೆ ಹೋಗಿ ಒಂದು ಸೈಕಲ್ ನೋಡಿ ಬಂದೆ. ಸೆಕೆಂಡ್ ಹ್ಯಾಂಡ್. ಫೋಟೋ ಇಟ್ಟಿದ್ದೇನೆ, ಒಂಬತ್ತು ಇವೆ.

ಕೊಳ್ಳಬಹುದಾ? ಒಂದೇ ಮಾತಿನಲ್ಲಿ ಹೇಳಿ. ನಿಜ ಹೇಳಿ. ನೀವು ನನಗೆ ಕೊಡಬೇಕಾದ ತಪ್ಪು ಕಾಣಿಕೆ ಅದೇ.

ಅಶ್ಮಿ

*

ಬನಿಯಾಸ್
24 ಸೆಪ್ಟೆಂಬರ್ 2024

ಅಶ್ಮೀ ಮಗಾ,

ಗೊತ್ತಿಲ್ಲ.

ಈ ಒಂದು ಮಾತು ಬರೆಯಲು ಎರಡು ದಿನ ಬೇಕಾಯಿತು. ಮೊದಲು ಕೊಳ್ಳಬಹುದು ಎಂದು ನಾಲ್ಕು ಪುಟ ಬರೆದೆ, ಹರಿದೆ. ಆಮೇಲೆ ಬೇಡ ಎಂದು ಬರೆದೆ, ಅದನ್ನೂ ಹರಿದೆ. ಆರನೇ ಫೋಟೋದಲ್ಲಿ ಫೋರ್ಕಿನ ಹತ್ತಿರ ಒಂದು ಗೆರೆ ಕಾಣುತ್ತದೆ. ಕೆಸರು ಆಗಿರಬಹುದು, ಕೂದಲು ಆಗಿರಬಹುದು. ಉಮ್ಮರಬ್ಬನಿಗೂ ತೋರಿಸಿದೆ. "ಮುಟ್ಟದೆ ಹೇಗೆ ಹೇಳುದು?" ಎಂದ. ಮೂವತ್ತು ವರ್ಷದಲ್ಲಿ ಮೊದಲ ಸಲ ನಾನು ಅವನ ಮಾತಿಗೆ ಎದುರು ಮಾತಾಡಲಿಲ್ಲ. ರೂಮಿನಲ್ಲಿ ಎಲ್ಲರೂ ನನ್ನ ಹಣೆ ಮುಟ್ಟಿ ಜ್ವರ ನೋಡಿದರು.

ಕುರ್ಚಿ ಎಳೆದು ಕೊಟ್ಟ ಆ ಮುದುಕನ ಅಂಗಡಿಗೆ ತೆಗೆದುಕೊಂಡು ಹೋಗು. ಬಸ್ಸಿನಲ್ಲಿ ಹಾಕಿಕೊಂಡು ಹೋಗು, ಇಳಿದಲ್ಲಿಂದ ತಳ್ಳು, ಹತ್ತಬೇಡ. ಅವನು ಮುಟ್ಟಿ ನೋಡಲಿ. ಅವನು ಸರಿ ಎಂದರೆ ಸರಿ, ಬೇಡ ಎಂದರೆ ಬೇಡ. ಅವನು ಏನು ಹೇಳಿದ ಎಂದು ನನಗೂ ಬರೆ. ನೀನು ಮತ್ತೆ ಹತ್ತಿದರೆ ನನಗೆ ಹೆದರಿಕೆ, ಹತ್ತದೆ ಇದ್ದರೆ ಅದಕ್ಕಿಂತ ಹೆಚ್ಚು ಹೆದರಿಕೆ.

ಇತಿ,
ನೀನು ಒಪ್ಪಿದರೆ, ನಿನ್ನ ಮಾಮ